ಬೆಲೆಬಾಳುವ ಚನ್ನಪಟ್ಟಣದ ಬೊಂಬೆ: ಅಂತರಜಾಲ ಮಾರಾಟದ ತೊಡಕುಗಳು

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ವಿದ್ಯುನ್ಮಾನ ಹರಾಜು ಜಾರಿಗೆ ಬಂದ ಮೇಲೂ ರೀಲರುಗಳು ಗೂಡನ್ನು ಕಣ್ಣಾರೆ ಕಂಡ ನಂತರವೇ ಬೆಲೆ ನಮೂದಿಸುತ್ತಾರೆ. ಚನ್ನಪಟ್ಟಣದ ಅರಗಿನ ಬೊಂಬೆಯೂ ಹೀಗೆ ನೋಡಿ, ಮುಟ್ಟಿ ಕೊಳ್ಳುವ ಸರಕು. ಆದರೆ ಅಂತರಜಾಲದ ಗ್ರಾಹಕನಿಗೆ ದೊರೆಯುವುದು ಛಾಯಾಚಿತ್ರ ಮತ್ತು ಬೆಲೆ ಮಾತ್ರ. ಬೆಲೆಬಾಳುವ ಬೊಂಬೆಗಳ ಮಾರಾಟದಲ್ಲಿ ಎದುರಾಗುವ ತೊಡಕುಗಳಿಗೆ ಇದೇ ಮೂಲ.

ಮೊದಲನೆಯದು ಬೆಲೆಯ ಹೋಲಿಕೆ. ಒಣಗಿಸಿದ ಆಲೆ ಮರವನ್ನು ಲೇತಿನಲ್ಲಿ ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದಾಗ ಘರ್ಷಣೆಯ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಕೇದಗೆ ಗರಿಯಿಂದ ಉಜ್ಜಿ ಹೊಳಪು ಬರಿಸಲಾಗುತ್ತದೆ. ಈ ಶ್ರಮ ಚಿತ್ರದಲ್ಲಿ ಕಾಣುವುದಿಲ್ಲ. ಯಂತ್ರದಲ್ಲಿ ತಯಾರಾಗಿ ಬಣ್ಣ ಬಳಿಸಿಕೊಂಡ ಆಟಿಕೆಯೂ ಅದೇ ಪುಟದಲ್ಲಿ ಕಡಿಮೆ ಬೆಲೆಗೆ ನಿಂತಿರುತ್ತದೆ. ಅದರೊಡನೆ ಪೈಪೋಟಿಗಿಳಿದು ದರ ಇಳಿಸಿದರೆ ಕೊನೆಗೆ ಕಡಿತವಾಗುವುದು ಕುಶಲಕರ್ಮಿಯ ಕೂಲಿಯೇ. ಚನ್ನಪಟ್ಟಣದ ಬೊಂಬೆಗಳಿಗೆ 1999ರ ಕಾಯಿದೆಯಡಿ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡ ತಯಾರಕರು ಆ ಗುರುತನ್ನೂ ತಯಾರಿಕೆಯ ಹಂತಗಳ ಚಿತ್ರಗಳನ್ನೂ ಪ್ರಕಟಿಸುವುದು ಲಾಭಕರ. 2021ರ ಜನವರಿ 1ರಿಂದ ಆಟಿಕೆಗಳಿಗೆ ಕಡ್ಡಾಯವಾದ ಗುಣಮಟ್ಟ ಆದೇಶದಿಂದಲೂ ಇಂತಹ ನೋಂದಾಯಿತ ತಯಾರಕರಿಗೆ ವಿನಾಯಿತಿ ನೀಡಲಾಗಿದೆ.

ಎರಡನೆಯದು ಹಿಂದಿರುಗುವ ಸರಕು. ಸಸ್ಯಜನ್ಯ ಬಣ್ಣಗಳ ಛಾಯೆ ಒಂದು ಕಂತಿನಿಂದ ಮತ್ತೊಂದಕ್ಕೆ ತುಸು ಬದಲಾಗುವುದು ಸಹಜ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಪ್ರಕಟಿಸಿದ ಲಕ್ಷಣಗಳಿಗೆ ಹೊಂದದ ಸರಕನ್ನು ಹಿಂಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ. ಆದುದರಿಂದ ಛಾಯೆಯ ವ್ಯತ್ಯಾಸ, ಅಳತೆ ಮತ್ತು ತೂಕವನ್ನು ವಿವರಣೆಯಲ್ಲಿ ಮೊದಲೇ ಸ್ಪಷ್ಟವಾಗಿ ತಿಳಿಸತಕ್ಕದ್ದು.

ಮೂರನೆಯದು ಸಾಗಾಣಿಕೆ ವೆಚ್ಚ. ಕೊರಿಯರ್ ಸಂಸ್ಥೆಗಳು ನಿಜವಾದ ತೂಕ ಹಾಗೂ ಗಾತ್ರದ ತೂಕಗಳಲ್ಲಿ ಹೆಚ್ಚಿನದಕ್ಕೆ ದರ ವಿಧಿಸುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 40, 30, 30 ಸೆಂ.ಮೀ. ಪೆಟ್ಟಿಗೆಯಲ್ಲಿಟ್ಟ 4 ಕಿಲೋ ತೂಕದ ಮರದ ಕುದುರೆಗೆ 7.2 ಕಿಲೋಗ್ರಾಂಗೆ ಬಾಡಿಗೆ ತೆರಬೇಕಾಗುತ್ತದೆ. ಸರಕು ಹಿಂದಿರುಗಿದರೆ ವಾಪಸಾತಿಯ ವೆಚ್ಚವೂ ಸೇರಬಹುದು. ಬಿಚ್ಚಿ ಜೋಡಿಸಬಹುದಾದ ವಿನ್ಯಾಸವು ಈ ಹೊರೆಯನ್ನು ತಗ್ಗಿಸುತ್ತದೆ.

ನಾಲ್ಕನೆಯದು ತೆರಿಗೆ. ನೋಂದಾಯಿತ ಮಾರಾಟಗಾರರ ನಿವ್ವಳ ಮಾರಾಟದ ಮೇಲೆ ಜಾಲತಾಣಗಳು ಜಿ.ಎಸ್.ಟಿ.ಯಡಿ ಮೂಲದಲ್ಲೇ ಸಂಗ್ರಹಿಸುವ ಮೊತ್ತವು 2024ರ ಜುಲೈ 10ರಿಂದ ಶೇ. 1ರ ಬದಲು ಶೇ. 0.5 ಆಗಿದೆ. ಅದು ಮಾರಾಟಗಾರರ ಖಾತೆಗೆ ಜಮೆಯಾಗುವುದಾದರೂ ಅಲ್ಲಿಯವರೆಗೆ ದುಡಿಯುವ ಬಂಡವಾಳ ಕಟ್ಟಿಬೀಳುತ್ತದೆ. ನೋಂದಣಿ ಮಿತಿಯೊಳಗಿನ ಸಣ್ಣ ವರ್ತಕರು 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದೆ, ದಾಖಲಾತಿ ಸಂಖ್ಯೆ ಪಡೆದು, ರಾಜ್ಯದೊಳಗೆ ಜಾಲತಾಣಗಳ ಮೂಲಕ ಮಾರಬಹುದು. ಹೊರರಾಜ್ಯದ ಮಾರಾಟಕ್ಕೆ ಈ ಸೌಲಭ್ಯ ಅನ್ವಯಿಸದು.

ಆದುದರಿಂದ ತಯಾರಿಕಾ ವೆಚ್ಚಕ್ಕೆ ಜಾಲತಾಣದ ಕಮಿಷನ್, ಪ್ಯಾಕಿಂಗ್, ಗಾತ್ರದ ತೂಕದ ಬಾಡಿಗೆ ಮತ್ತು ವಾಪಸಾತಿಯ ಸರಾಸರಿ ನಷ್ಟಗಳನ್ನು ಸೇರಿಸಿದ ಬಳಿಕವೇ ಮಾರಾಟ ಬೆಲೆಯನ್ನು ನಿಗದಿಪಡಿಸುವುದು ಕ್ಷೇಮ. ಈ ಲೆಕ್ಕಕ್ಕೆ ಹೊಂದುವ ಸಣ್ಣ ಬೊಂಬೆಗಳನ್ನು ಅಂತರಜಾಲದಲ್ಲಿ ಮಾರಿ, ಬೆಲೆಬಾಳುವ ದೊಡ್ಡ ವಸ್ತುಗಳಿಗೆ ಅಲ್ಲಿ ವಿಚಾರಣೆಯನ್ನಷ್ಟೇ ಸ್ವೀಕರಿಸಿ, ಮಾದರಿ ಕಳುಹಿಸಿ ಅಥವಾ ಅಂಗಡಿಗೆ ಆಹ್ವಾನಿಸಿ ವ್ಯವಹಾರ ಕುದುರಿಸುವುದು ಹೆಚ್ಚು ಸೂಕ್ತ.