ಕ್ರಿಮಿನಾಲಜಿ ಓದಿದ್ರೆ ಪೊಲೀಸೇ ಆಗ್ಬೇಕಾ?

ಪಿಯುಸಿ ಫಲಿತಾಂಶ ಬಂತೆಂದರೆ ಮನೆಮನೆಯಲ್ಲೂ ಇಂಜಿನಿಯರಿಂಗ್, ಬಿ.ಕಾಂ., ನರ್ಸಿಂಗ್ ಮಾತೇ. ನಡುವೆ ಯಾರಾದರೂ "ಕ್ರಿಮಿನಾಲಜಿ ಓದ್ತೀನಿ" ಅಂದರೆ, "ಪೊಲೀಸ್ ಆಗ್ತೀಯೇನೇ?" ಅನ್ನುವುದೇ ಮೊದಲ ಪ್ರಶ್ನೆ. ನನ್ನ ಚಿಕ್ಕಪ್ಪನ ಮಗಳಿಗೂ ಹೀಗೇ ಆಯ್ತು. ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣ ಅಂತ ವಿಚಾರಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕೊಲೆಯಾದ ಜಾಗದಲ್ಲಿ ಸಿಕ್ಕ ರಕ್ತ ಯಾರದು ಅಂತ ಹೇಳುವುದು ವಿಧಿವಿಜ್ಞಾನ, ಅಂದರೆ ಫೊರೆನ್ಸಿಕ್. ಆ ಕೊಲೆ ಯಾಕಾಯ್ತು, ಮತ್ತೆ ಆಗದಂತೆ ತಡೆಯೋದು ಹೇಗೆ, ಜೈಲಿನಿಂದ ಬಂದವನು ಬದುಕು ಕಟ್ಟಿಕೊಳ್ಳೋದು ಹೇಗೆ, ಸತ್ತವನ ಮನೆಯವರ ಗತಿ ಏನು ಅಂತ ಕೇಳುವುದು ಅಪರಾಧಶಾಸ್ತ್ರ.

ಈ 'ಯಾಕೆ'ಗೆ ತಪ್ಪು ಉತ್ತರ ಸಿಕ್ಕರೆ ಅನಾಹುತವೇ. 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ, ಹುಟ್ಟು ಅಪರಾಧಿಗಳನ್ನು ಮುಖಲಕ್ಷಣದಿಂದ ಗುರುತಿಸಬಹುದು ಅಂತ ಪುಸ್ತಕ ಬರೆದ. ಆ ವಾದ ಮುಂದೆ ಬಿದ್ದುಹೋಯಿತು. ನಮ್ಮಲ್ಲಿ ಬ್ರಿಟಿಷರು 1871ರಲ್ಲೇ ಕಾನೂನು ತಂದು ಇಡೀ ಸಮುದಾಯಗಳಿಗೇ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿದ್ದರು. ಅದು ರದ್ದಾಗಿದ್ದು 1952ರಲ್ಲಿ. "ನೋಡೋಕೆ ಕಳ್ಳನ ಥರ ಇದ್ದಾನೆ" ಅನ್ನುವ ಮಾತು ಮಾತ್ರ ಇನ್ನೂ ನಮ್ಮ ಬಾಯಲ್ಲಿದೆ. 1939ರಲ್ಲಿ ಅಮೆರಿಕದ ಸದರ್ಲ್ಯಾಂಡ್, ಕೋಟು ತೊಟ್ಟ ದೊಡ್ಡವರ ವಂಚನೆಯೂ ಅಪರಾಧವೇ ಅಂತ ಎತ್ತಿ ತೋರಿಸಿದ. ಹದಿನೆಂಟರ ವಯಸ್ಸಿನಲ್ಲಿ ಇದನ್ನೆಲ್ಲ ಓದಿದವರು ಆಮೇಲೆ ಠಾಣೆಯಲ್ಲಿ ಕೂತರೂ, ಕೋರ್ಟಿನಲ್ಲಿ ನಿಂತರೂ ಎದುರಿಗಿರುವವನನ್ನು ಬೇರೆ ಕಣ್ಣಿಂದ ನೋಡುತ್ತಾರೆ.

ಇನ್ನು ಹೊಟ್ಟೆಪಾಡು. ಚಿಕ್ಕಪ್ಪನ ಚಿಂತೆ ಅದೇ, ತಪ್ಪೂ ಅಲ್ಲ. ಪದವಿ ಮುಗಿದ ಕೂಡಲೇ ಯಾರೂ ಕರೆದು ಕೆಲಸ ಕೊಡೋದಿಲ್ಲ. ಪಿಎಸ್‌ಐ ಆಗಲು ಯಾವ ಪದವಿಯಾದರೂ ನಡೆಯುತ್ತದೆ, ಪರೀಕ್ಷೆ ಮತ್ತು ದೈಹಿಕ ಪರೀಕ್ಷೆ ಗೆಲ್ಲಲೇಬೇಕು. ಮುಂದೆ ಕಾನೂನು ಅಥವಾ ಎಂ.ಎಸ್.ಡಬ್ಲ್ಯು. ಮಾಡಿದರೆ ವಕೀಲಿಕೆ, ಮಕ್ಕಳ ರಕ್ಷಣೆ, ಕೈದಿಗಳ ಪುನರ್ವಸತಿಯಂಥ ದಾರಿಗಳು ತೆರೆಯುತ್ತವೆ.

ಫೊರೆನ್ಸಿಕ್ ಲ್ಯಾಬೇ ಕನಸಾದರೆ ಪಿಯುಸಿಯಲ್ಲೇ ವಿಜ್ಞಾನ ತೆಗೆದುಕೊಳ್ಳುವುದು ಲೇಸು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಪ್ರಕರಣಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಬೇಕು. ರಾಜ್ಯಗಳಿಗೆ ಇದನ್ನು ಜಾರಿಗೊಳಿಸಲು ಐದು ವರ್ಷದವರೆಗೆ ಕಾಲಾವಕಾಶವಿದೆ. ಹಾಗಾಗಿ ಇಂಥವರ ಅಗತ್ಯ ಹೆಚ್ಚಲಿದೆ. ಇದನ್ನು ಓದಲು ದೂರವೂ ಹೋಗಬೇಕಿಲ್ಲ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೇ ಇದೆ.

ನಿಮ್ಮ ಮನೆಯ ಮಕ್ಕಳೂ ಈ ದಾರಿ ಕೇಳಿದರೆ ನಗಬೇಡಿ. "ನಿನಗೆ ಬೇಕಿರೋದು 'ಯಾರು' ಅನ್ನೋ ಪ್ರಶ್ನೆಯಾ, 'ಯಾಕೆ' ಅನ್ನೋದಾ?" ಅಂತ ಕೇಳಿ. ಕಾಲೇಜು ಯಾವುದು ಅನ್ನೋದನ್ನು ಆಮೇಲೆ ಹುಡುಕಬಹುದು.