ಗೆದ್ದವರಿದ್ದರೂ ಸಭೆ ಇರಲಿಲ್ಲ

ಪ್ರಶ್ನೆ: 2020ರ ಲಾಕ್‌ಡೌನ್‌ನಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಆಡಳಿತ ನಡೆಸಿದ್ದು ಚುನಾಯಿತ ಸದಸ್ಯರೇ?

ಉತ್ತರ: ಅಲ್ಲ. ಮಂಡ್ಯ ನಗರಸಭೆ, ಮದ್ದೂರು ಪುರಸಭೆಗೆ 2018ರಲ್ಲಿ, ಮಳವಳ್ಳಿ ಪುರಸಭೆಗೆ 2019ರಲ್ಲಿ ಚುನಾವಣೆ ನಡೆದಿದ್ದರೂ, ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ವಿವಾದ ಕೋರ್ಟ್ ಮೆಟ್ಟಿಲೇರಿತ್ತು. ಹಾಗಾಗಿ ಗೆದ್ದವರ ಸಭೆ ರಚನೆಯಾಗದೆ, 2020ರ ಅಕ್ಟೋಬರ್‌ವರೆಗೂ ಆಡಳಿತಾಧಿಕಾರಿಗಳದೇ ಕಾರುಬಾರು. ತುರ್ತಿನಲ್ಲಿ ಅದೇ ವಾಸಿ, 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾಧಿಕಾರಿಯ ಮಾತೇ ನಡೆಯಬೇಕಿತ್ತು ಎನ್ನುವವರಿದ್ದಾರೆ. ಆ ಏಪ್ರಿಲ್‌ನಲ್ಲಿ ಮಳವಳ್ಳಿಯ ಬೀದಿಗಳನ್ನು ಸೀಲ್‌ಡೌನ್ ಮಾಡುವ ಮಟ್ಟಿಗೆ ಈ ವಾದ ಸರಿಯೇ. ಆದರೆ ಬ್ಯಾರಿಕೇಡ್ ಒಳಗಿನ ಯಾವ ಮನೆಯಲ್ಲಿ ಒಂಟಿ ಅಜ್ಜಿ ಇದ್ದಾರೆ, ಯಾರಿಗೆ ರೇಷನ್ ಕಾರ್ಡಿಲ್ಲ ಎಂಬುದು ಚೆನ್ನಾಗಿ ಗೊತ್ತಿರುವುದು ವಾರ್ಡಿನ ಸದಸ್ಯರಿಗೆ. ಅವರು ಓಡಾಡಿ ನೆರವಾಗಬಹುದಿತ್ತು. ಆದರೆ ಹಣ ಮಂಜೂರು ಮಾಡಲು, ಲೆಕ್ಕ ಕೇಳಲು ಅವರಿಗೆ ಅಧಿಕಾರವಿರಲಿಲ್ಲ. ಈ ಕೊರತೆ ಹುಟ್ಟಿದ್ದು ರೋಗದಿಂದಲ್ಲ, ಮೊದಲೇ ಇತ್ಯರ್ಥವಾಗಬೇಕಿದ್ದ ಮೀಸಲಾತಿ ಪಟ್ಟಿಯಿಂದ.