ಅನಲಾಗ್ ಮುಗಿಯಿತು ಎಂದವರು ಯಾರು?

“ಈಗೆಲ್ಲ ಡಿಜಿಟಲ್ ಕಣ್ರೀ, ಆ ಹಳೇ ಸ್ಕ್ಯಾನರ್ ಇಟ್ಕೊಂಡು ಏನು ಕೇಳ್ತೀರಿ? ಗುಜರಿಗೆ ಹಾಕಿ.” ವಿಮಾನ, ರೈಲು, ಪೊಲೀಸರ ವಾಕಿಟಾಕಿ ಮಾತನ್ನು ಹಿಡಿದು ಕೇಳಿಸುವ ರೇಡಿಯೊ ಸ್ಕ್ಯಾನರ್ ಬಗ್ಗೆ ಅಮೆರಿಕದಲ್ಲಿ ನೆಲೆಸಿದ ನಮ್ಮವರಿಂದ ಈ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಅದರ ಸ್ವಿಚ್ ಹಾಕಿ ನೋಡಿದವರೂ ಅಲ್ಲ. ಮನೆಯ ಹಳೆಯ ಮಾಲೀಕರು ಬಿಟ್ಟುಹೋದ ಯೂನಿಡೆನ್ ಬೇರ್‌ಕ್ಯಾಟ್ ಆಗಲಿ, ಗ್ಯಾರೇಜ್ ಸೇಲಿನಲ್ಲಿ ಸಿಕ್ಕ ರೇಡಿಯೊಶ್ಯಾಕ್ ಪೆಟ್ಟಿಗೆಯಾಗಲಿ, ‘ಅನಲಾಗ್’ ಎಂದು ತಿಳಿದ ಕೂಡಲೇ ಕಸಕ್ಕೆ ಹೋಗುತ್ತದೆ. ಚೆನ್ನಾಗಿ ಕೆಲಸ ಮಾಡುವ ಯಂತ್ರಕ್ಕೆ ಈ ಗತಿ ಬರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಜವಾಗಿ ನಡೆದ ಎರಡು ಸಂಗತಿಗಳನ್ನು ಒಂದಕ್ಕೊಂದು ಕಲಸಿಕೊಂಡಿದ್ದರಿಂದ ಹುಟ್ಟಿದ ನಂಬಿಕೆ ಇದು. 2009ರ ಜೂನ್ 12ರಂದು ಅಮೆರಿಕದ ಪೂರ್ಣಶಕ್ತಿಯ ಟಿವಿ ಕೇಂದ್ರಗಳು ಅನಲಾಗ್ ಪ್ರಸಾರ ನಿಲ್ಲಿಸಿದವು. ಅದು ಟಿವಿಯ ವಿಚಾರ, ವಾಕಿಟಾಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನೊಂದು 2013ರ ಜನವರಿ 1ರ ಗಡುವು. 150ರಿಂದ 174 ಮತ್ತು 421ರಿಂದ 470 ಮೆಗಾಹರ್ಟ್ಸ್‌ನ ವಾಕಿಟಾಕಿ ಚಾನೆಲ್‌ಗಳ ಅಗಲವನ್ನು 25 ಕಿಲೋಹರ್ಟ್ಸ್‌ನಿಂದ 12.5ಕ್ಕೆ ಇಳಿಸಬೇಕೆಂದು ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ ಆದೇಶಿಸಿತ್ತು. ಇದೇ ನ್ಯಾರೋಬ್ಯಾಂಡಿಂಗ್. ಚಾನೆಲ್ ಕಿರಿದಾಗಬೇಕು ಎಂದಷ್ಟೇ ಆ ಆದೇಶ ಹೇಳಿದ್ದು, ಡಿಜಿಟಲ್ ಆಗಲೇಬೇಕು ಎಂದಲ್ಲ. ಎಷ್ಟೋ ಊರುಗಳ ಅಗ್ನಿಶಾಮಕ ದಳದವರು ಅದೇ ಎಫ್‌ಎಂ ಅನ್ನು ಕಿರಿದು ಮಾಡಿಕೊಂಡು ಮುಂದುವರಿದರು.

ಹಳೆಯ ಸ್ಕ್ಯಾನರಿಗೆ ಇದರಿಂದ ಆದ ನಷ್ಟ ಸಣ್ಣದು. ಡೀವಿಯೇಶನ್, ಅಂದರೆ ದನಿಗೆ ತಕ್ಕಂತೆ ತರಂಗಾಂತರ ಅತ್ತಿತ್ತ ಓಲಾಡುವ ಅಳತೆ, 5 ಕಿಲೋಹರ್ಟ್ಸ್‌ನಿಂದ 2.5ಕ್ಕೆ ಇಳಿದದ್ದರಿಂದ ದನಿ ಮೆತ್ತಗಾಗುತ್ತದೆ, ವಾಲ್ಯೂಮ್ ಏರಿಸಿದರೆ ಸಾಕು. 155.7525ರಂಥ ಹೊಸ ಚಾನೆಲ್ ಒತ್ತಿದರೆ, 5 ಕಿಲೋಹರ್ಟ್ಸ್ ಹೆಜ್ಜೆಯ ಹಳೆಯ ಪೆಟ್ಟಿಗೆ ಅದನ್ನು 155.750ಕ್ಕೋ 155.755ಕ್ಕೋ ಹೊಂದಿಸಿಕೊಳ್ಳುತ್ತದೆ. ಅದರ ಫಿಲ್ಟರ್ ಹೇಗೂ ಅಗಲವಾದದ್ದು, ಹಾಗಾಗಿ ಮಾತು ಸಾಮಾನ್ಯವಾಗಿ ಅರ್ಥವಾಗುವಷ್ಟು ಕೇಳುತ್ತದೆ.

ನನ್ನ ತಾಳ್ಮೆ ನಿಜವಾಗಿ ಕೆಡುವುದು ವಿಮಾನಗಳ ವಿಷಯದಲ್ಲಿ. ಇಷ್ಟು ಆಧುನಿಕವಾದ ವಿಮಾನಗಳು ಅನಲಾಗ್‌ನಲ್ಲಿ ಮಾತಾಡುತ್ತವೆಯೇ ಎಂದು ಎಂಜಿನಿಯರುಗಳೇ ಕೇಳುತ್ತಾರೆ. ಮಾತಾಡುತ್ತವೆ, ಅದೂ ಎಎಂನಲ್ಲಿ. 118ರಿಂದ 137 ಮೆಗಾಹರ್ಟ್ಸ್ ನಡುವೆ ಪೈಲಟ್ ಮತ್ತು ನಿಯಂತ್ರಕರ ಮಾತೆಲ್ಲ ಇವತ್ತಿಗೂ ಹಾಗೆಯೇ ನಡೆಯುತ್ತದೆ. ಕೆಲವು ಸಂದೇಶಗಳು ಅಕ್ಷರರೂಪದಲ್ಲಿ ಡೇಟಾಲಿಂಕ್ ಮೂಲಕ ಹೋಗುತ್ತವೆ ನಿಜ, ಆದರೆ ದನಿ ಎಎಂ ಬಿಟ್ಟಿಲ್ಲ. ಜಗತ್ತಿನ ಎಲ್ಲ ವಿಮಾನಗಳ ರೇಡಿಯೊ ಒಟ್ಟಿಗೆ ಬದಲಾಗಬೇಕಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಸುರಕ್ಷತೆ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದ ದನಿ ಇನ್ನೊಂದನ್ನು ಪೂರ್ತಿ ನುಂಗುತ್ತದೆ. ಎರಡನೆಯ ಪೈಲಟ್ ಕರೆದದ್ದೇ ಟವರಿಗೆ ಗೊತ್ತಾಗುವುದಿಲ್ಲ. ಎಎಂನಲ್ಲಾದರೆ ಎರಡು ಅಲೆ ಸೇರಿ ಕೀರಲು ಶಿಳ್ಳೆ ಹೊಡೆಯುತ್ತವೆ, ಯಾರೋ ಅಡ್ಡ ಬಂದರೆಂದು ನಿಯಂತ್ರಕರಿಗೆ ತಕ್ಷಣ ತಿಳಿಯುತ್ತದೆ.

ಒಮ್ಮೆ ಹಾಕಿ ನೋಡಿದವರೂ ಇಲ್ಲಿ ಎಡವುತ್ತಾರೆ. ವಿಮಾನದ ಮಾತು ಕೇಳಿತು, ಟವರಿನ ಉತ್ತರ ಕೇಳಲಿಲ್ಲ, ಹಾಗಾದರೆ ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸುತ್ತಾರೆ. ವಿಎಚ್ಎಫ್ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುವಂಥದ್ದು. 35,000 ಅಡಿ ಮೇಲಿರುವ ವಿಮಾನದ ಮಾತು 200 ಮೈಲಿ ಆಚೆಗೂ ಮುಟ್ಟುತ್ತದೆ, ನೆಲದ ಮೇಲಿನ ಟವರಿನದು ನಾಲ್ಕು ಗುಡ್ಡದಾಚೆ ಬರುವುದಿಲ್ಲ. ಯುರೋಪಿನಲ್ಲಿ ಮಾತ್ರ ಒಂದು ತೊಡಕಿದೆ: ಅಲ್ಲಿ ಚಾನೆಲ್‌ಗಳು 8.33 ಕಿಲೋಹರ್ಟ್ಸ್ ಅಂತರಕ್ಕೆ ಬಂದಿವೆ, 25ರ ಹೆಜ್ಜೆಯ ಸ್ಕ್ಯಾನರಿಗೆ ಎಲ್ಲವೂ ಸರಿಯಾಗಿ ಸಿಗುವುದಿಲ್ಲ.

ಅಮೆರಿಕದ ರೈಲುಗಳು ಇನ್ನೂ ಬಹುಮಟ್ಟಿಗೆ 160 ಮತ್ತು 161 ಮೆಗಾಹರ್ಟ್ಸ್‌ನ ಸಾದಾ ಎಫ್‌ಎಂ ಬಳಸುತ್ತವೆ. ಗೂಡ್ಸ್ ಗಾಡಿ ಹಾದುಹೋದ ಮೇಲೆ ಹಳಿ ಪಕ್ಕದ ಯಂತ್ರ ತಾನೇ ಮಾತಾಡಿ, ದೋಷವಿಲ್ಲ, ಇಷ್ಟು ಆಕ್ಸಲ್ ಎಂದು ಲೆಕ್ಕ ಒಪ್ಪಿಸುವುದನ್ನು ಕೇಳುವ ಸಂತೋಷವೇ ಬೇರೆ. ಹಡಗುಗಳ 16ನೇ ಚಾನೆಲ್ 156.8ರಲ್ಲಿದೆ, ಹವಾಮಾನ ಇಲಾಖೆಯ ಏಳು ತರಂಗಾಂತರಗಳು 162.400ರಿಂದ 162.550ರವರೆಗೆ. ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ (ಹವ್ಯಾಸಿ) ರೇಡಿಯೊದ ದನಿ 145.800ರಲ್ಲಿ ಎಫ್‌ಎಂ ಆಗಿಯೇ ಇಳಿಯುತ್ತದೆ. 2025ರ ಜುಲೈನಲ್ಲಿ ಅಲ್ಲಿಂದ ಗಗನಯಾತ್ರಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವರೊಂದಿಗೆ ಮಾತಾಡಿದ್ದು ಹ್ಯಾಮ್ ರೇಡಿಯೊದಲ್ಲೇ.

ಹಾಗಾದರೆ ಪೊಲೀಸರು? ದೊಡ್ಡ ಊರಿನ ಪೊಲೀಸರ ಮಾತೊಂದೇ ಬೇಕೆನ್ನುವವರಿಗೆ ಹಳೆಯ ಸ್ಕ್ಯಾನರಿನಿಂದ ಪ್ರಯೋಜನವಿಲ್ಲ, ಒಪ್ಪುತ್ತೇನೆ. ಆದರೆ ನೂರಾರು ಡಾಲರ್ ಕೊಟ್ಟು ಡಿಜಿಟಲ್ ಸ್ಕ್ಯಾನರ್ ತಂದರೆ ಎಲ್ಲವೂ ಕೇಳುತ್ತದೆ ಎಂಬುದೂ ಸುಳ್ಳು. ಡೆನ್ವರ್ ಪೊಲೀಸರು 2019ರಲ್ಲಿ ಗೂಢಲಿಪೀಕರಣಕ್ಕೆ ಹೋದರು, ನ್ಯೂಯಾರ್ಕ್ 2023ರಲ್ಲಿ ಶುರುಮಾಡಿತು. ಅದನ್ನು ಬಿಡಿಸುವ ಸ್ಕ್ಯಾನರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 1994ಕ್ಕೆ ಮುಂಚಿನ ಪೆಟ್ಟಿಗೆಯಲ್ಲಿ ಮೊಬೈಲ್ ಮಾತು ಕದ್ದು ಕೇಳಬಹುದು ಎಂಬ ಪಿಸುಮಾತಿಗೂ ಅರ್ಥವಿಲ್ಲ: ಅಂಥ ಅನಲಾಗ್ ಮೊಬೈಲ್ ಜಾಲಗಳನ್ನು ದೊಡ್ಡ ಕಂಪನಿಗಳು 2008ರಲ್ಲೇ ಮುಚ್ಚಿದವು.

‘ಡಿಜಿಟಲ್’ ಎಂದರೆ ಸಾಕು, ನಮ್ಮ ಜನ ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತಾರೆ. ಮಾರುವವನು ಹೇಳಿದ, ಬಂಧು ಹೇಳಿದ, ವಾಟ್ಸ್‌ಆ್ಯಪಿನಲ್ಲಿ ಬಂತು ಎಂಬಷ್ಟಕ್ಕೇ ನಂಬುತ್ತಾರೆ. ಇಲ್ಲಿ ಪರೀಕ್ಷೆಗೆ ಖರ್ಚೇ ಇಲ್ಲ. ಬ್ಯಾಟರಿ ಹಾಕಬೇಕು, ಸ್ಕ್ವೆಲ್ಚ್ ಗುಂಡಿಯನ್ನು ಸದ್ದು ಅಡಗುವವರೆಗೆ ತಿರುಗಿಸಬೇಕು, ಅರ್ಧ ಗಂಟೆ ಕಾಯಬೇಕು. ಅಷ್ಟನ್ನೂ ಮಾಡದೆ ತೀರ್ಪು ಕೊಡುವುದು ಓದಿದವರಿಗೆ ಒಪ್ಪುವುದಿಲ್ಲ.

ಒಂದು ಎಚ್ಚರಿಕೆ: ಊರಿಗೆ ಬರುವಾಗ ಸ್ಕ್ಯಾನರನ್ನು ಸೂಟ್‌ಕೇಸಿಗೆ ತುಂಬಿಕೊಳ್ಳಬೇಡಿ. ಪರವಾನಗಿ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದನ್ನು ಭಾರತದಲ್ಲಿ 1933ರ ಕಾಯ್ದೆಯೇ ಅಪರಾಧವೆಂದಿತ್ತು. ಅಮೆರಿಕದಲ್ಲೇ ಇರುವವರು ಎಫ್‌ಸಿಸಿಯ ಪರವಾನಗಿ ಪಟ್ಟಿಯಲ್ಲಿ ತಮ್ಮ ಕೌಂಟಿಯನ್ನು ಹುಡುಕಲಿ. ಅದು ಎಲ್ಲರಿಗೂ ತೆರೆದದ್ದು, ದುಡ್ಡು ಕೊಡಬೇಕಿಲ್ಲ. ಪ್ರತಿ ತರಂಗಾಂತರದ ಮುಂದೆ ಒಂದು ಸಂಕೇತ ಇರುತ್ತದೆ: 11ಕೆ2ಎಫ್3ಇ ಎಂದಿದ್ದರೆ ಕಿರಿದಾದ ಅನಲಾಗ್ ಎಫ್‌ಎಂ, ಹಳೆಯ ಸ್ಕ್ಯಾನರಿಗೆ ಸಿಗುತ್ತದೆ, 8ಕೆ10ಎಫ್1ಇ ಒಂದೇ ಇದ್ದರೆ ಡಿಜಿಟಲ್, ಸಿಗುವುದಿಲ್ಲ.